ಪುಕ್ಕಟೆ ಅಪ್‌ಗ್ರೇಡಿಗೆ ಕೊಟ್ಟ 11,400 ರೂಪಾಯಿ

2016ರ ಜುಲೈ. ವಿಂಡೋಸ್ 10 ಪುಕ್ಕಟೆ ಸಿಗುವ ಕೊನೆಯ ವಾರ. 29ಕ್ಕೆ ಅವಧಿ ಮುಗಿಯುತ್ತದೆಂದು ಪರದೆಯ ಮೂಲೆಯಲ್ಲಿ ದಿನಾ ಜ್ಞಾಪಿಸುತ್ತಿತ್ತು. ಪುಕ್ಕಟೆ ಅಂದರೆ ಬಿಡುವವರುಂಟೇ? ಭಾನುವಾರ ಬೆಳಿಗ್ಗೆ ಒತ್ತಿದೆ. ಊಟದ ಹೊತ್ತಿಗೆ ವಿಂಡೋಸ್ 7 ಹೋಗಿ 10 ಬಂದು ಕೂತಿತ್ತು. ಸೋಮವಾರ ಪ್ರಿಂಟ್ ಕೊಟ್ಟರೆ ಹಳೆಯ ಲೇಸರ್ ಪ್ರಿಂಟರ್ ಮಿಸುಕಲಿಲ್ಲ. ಆ ಮಾದರಿಗೆ ಹೊಸ ಡ್ರೈವರ್ ಬಂದಿರಲೇ ಇಲ್ಲ. ತಿಂಗಳೊಳಗೆ ಹಳೆಯದಕ್ಕೆ ಮರಳುವ ಅವಕಾಶವಿತ್ತೆಂದು ನನಗೆ ಗೊತ್ತಾದದ್ದು ಹೊಸ ಪ್ರಿಂಟರಿಗೆ 11,400 ರೂಪಾಯಿ ಎಣಿಸಿದ ಮೇಲೆ. ಈಗ ಆ ಅವಕಾಶ ಬರೀ 10 ದಿನ.

ಹಾಗಾಗಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯುತ್ತದೆ ಅಂದಾಗ ನಾನು ಮೊದಲು ತೆಗೆದದ್ದು ಲೆಕ್ಕದ ಪುಸ್ತಕ. ನನ್ನದು 2017ರ ಲ್ಯಾಪ್‌ಟಾಪ್, ಏಳನೇ ತಲೆಮಾರಿನ ಐ5. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದೀಚಿನ ಪ್ರೊಸೆಸರ್ ಬೇಕು. ಒಂದೇ ಮೆಟ್ಟಿಲಲ್ಲಿ ಫೇಲು.

ಅಂಗಡಿಯ ಹುಡುಗ ಎರಡು ದಾರಿ ತೋರಿಸಿದ. "ಹೊಸದು 52,000 ಸಾರ್, ಇದನ್ನ 3,000ಕ್ಕೆ ತಗೋತೀನಿ. ಇಲ್ಲಾಂದ್ರೆ 1,500 ಕೊಡಿ, ಇದಕ್ಕೇ ಹೆಂಗೋ 11 ಹಾಕ್ಕೊಡ್ತೀನಿ." ಆ "ಹೆಂಗೋ" ನನಗೆ ಹಿಡಿಸಲಿಲ್ಲ. ಅರ್ಹತೆಯಿಲ್ಲದ ಯಂತ್ರಕ್ಕೆ ಅಪ್‌ಡೇಟ್ ಬರುತ್ತದೆಂಬ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಅಪ್‌ಡೇಟ್ ನಿಲ್ಲುತ್ತದೆಂಬ ಭಯಕ್ಕೇ ತಾನೆ ನಾನು ಅಂಗಡಿ ಮೆಟ್ಟಿಲು ಹತ್ತಿದ್ದು!

ಮೂರನೆಯ ದಾರಿಯನ್ನು ಅವನು ಹೇಳಲಿಲ್ಲ. ಹೇಳಿದರೆ ಅವನಿಗೇನು ಲಾಭ? ಮನೆಬಳಕೆಯ ವಿಂಡೋಸ್ 10 ಕಂಪ್ಯೂಟರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯಬಹುದು. ಇದಕ್ಕೆ 30 ಡಾಲರ್ ಕೊಡಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸನ್ನು ಅದಕ್ಕೆ ಸಿಂಕ್ ಮಾಡಿದರೆ ಅದೂ ಬೇಡ. ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇತ್ತು. ಐದು ನಿಮಿಷದ ಕೆಲಸ.

ಆದರೂ ಹೊಸದರ ಆಸೆ ಹೋಗಲಿಲ್ಲ, ನನ್ನದು ಅಷ್ಟು ನಿಧಾನವಿತ್ತು. ಬಟನ್ ಒತ್ತಿ ಹಾಲು ಕಾಯಿಸಿ, ಕಾಫಿ ಬೆರೆಸಿಕೊಂಡು ಬಂದರೂ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. ತಪ್ಪು ವಿಂಡೋಸಿನದಲ್ಲ, ಹಳೆಯ ತಿರುಗುವ ಹಾರ್ಡ್‌ಡಿಸ್ಕಿನದು. ಎಸ್.ಪಿ. ರೋಡಿನಲ್ಲಿ 2,300ಕ್ಕೆ ಎಸ್‌ಎಸ್‌ಡಿ ಹಾಕಿಸಿದೆ. ಈಗ ಹಾಲು ಉಕ್ಕುವ ಮೊದಲೇ ಎಕ್ಸೆಲ್ ತೆರೆದಿರುತ್ತದೆ. 52,000ದ ಯಂತ್ರ ಆರು ವರ್ಷ ಬಾಳಿದರೂ ವರ್ಷಕ್ಕೆ ಬೀಳುವುದು 8,600ರ ಮೇಲೆ. ನನಗೊಂದು ವರ್ಷ 2,300ಕ್ಕೆ ಸಿಕ್ಕಿತು. ಅಷ್ಟರಲ್ಲಿ ಹೊಸದಕ್ಕೆಂದು ತಿಂಗಳಿಗೆ 4,000ದ ಆರ್‌ಡಿ ಕಟ್ಟುತ್ತಿದ್ದೇನೆ. ಅಪ್‌ಡೇಟಿನ ಅವಧಿ ಮುಗಿದ ಮೇಲೂ ಈ ಲ್ಯಾಪ್‌ಟಾಪಿನಲ್ಲೇ ಬ್ಯಾಂಕಿನ ವ್ಯವಹಾರ ಮಾಡುವಷ್ಟು ಧೈರ್ಯ ನನಗಿಲ್ಲ.

ತುಮಕೂರಿನಲ್ಲಿ ಭಾವನದು ಬೇರೆಯೇ ಲೆಕ್ಕ. ಅವರ ಡಿಟಿಪಿ ಅಂಗಡಿಯಲ್ಲಿ ಇನ್ನೂ ವಿಂಡೋಸ್ 7. ಅದಕ್ಕೆ ಅಪ್‌ಡೇಟ್ ನಿಂತದ್ದು 2020ರ ಜನವರಿಯಲ್ಲಿ. "ಬದಲಾಯಿಸಲ್ವಾ ಭಾವ?" ಅಂದೆ. "ಇದಕ್ಕೆ ಕೈ ಹಾಕಿದ್ರೆ ಅಂಗಡಿ ಬಾಗಿಲು ಹಾಕ್ದಂಗೆ ಕಣಯ್ಯಾ" ಅಂದರು. ಪೇಜ್‌ಮೇಕರ್, ಹಳೆಯ ನುಡಿ ಫಾಂಟು, ಹದಿನೈದು ವರ್ಷದ ಲಗ್ನಪತ್ರಿಕೆಗಳ ಫೈಲು, ಎಲ್ಲ ಅದರಲ್ಲೇ. ಹೊಸದಕ್ಕೆ ಹೋದರೆ ಒಂದೊಂದನ್ನೂ ಮತ್ತೆ ಕಟ್ಟಬೇಕು. ಇಂಟರ್ನೆಟ್ ಕೇಬಲ್ ಕಿತ್ತು ವರ್ಷಗಳಾದವು, ಗಿರಾಕಿಯ ಪೆನ್‌ಡ್ರೈವಿಗೂ ಪ್ರವೇಶವಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಮ್ಯಾಟರನ್ನು ಫೋನು ಎದುರಿಗಿಟ್ಟುಕೊಂಡು ಮತ್ತೆ ಟೈಪಿಸುತ್ತಾರೆ. ಯೂನಿಕೋಡ್ ಅಕ್ಷರ ಪೇಜ್‌ಮೇಕರಿಗೆ ಹೇಗೂ ಹತ್ತುವುದಿಲ್ಲ.

ಅವರನ್ನು ಬದಲಾಯಿಸಲು ನಾನು ಹೋಗಲಿಲ್ಲ. ಫೈಲುಗಳ ಇನ್ನೊಂದು ಪ್ರತಿ ಎಲ್ಲಿದೆ ಎಂದಷ್ಟೇ ಕೇಳಿದೆ. ಎಲ್ಲೂ ಇರಲಿಲ್ಲ. 4,200ರ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಎಂದಾಗ ಭಾವ ಗೊಣಗಿದರು. ಒಳಗಿನಿಂದ ಬಂದ ಅಕ್ಕ ಕ್ಯಾಶ್‌ಬಾಕ್ಸ್ ತೆಗೆದು ದುಡ್ಡು ನನ್ನ ಕೈಗಿಟ್ಟಳು. ಕಾಪಿ ಮುಗಿಯುವ ಹೊತ್ತಿಗೆ ರಾತ್ರಿ ಹತ್ತಾಗಿತ್ತು.