ಕಂಪ್ಯೂಟರ್ ಲೆಕ್ಕದ ಪಾಠ ಬರೆಯುವ ಬಗೆ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡಬೇಕು. ಕೊನೆಗೆ ಉಜ್ಜಿದ ಕತ್ತಿಯನ್ನು ಅದ್ದಿ ನೋಡಬೇಕು. ಅಲಗು ಕೆಂಪಾದರೆ ಸುಣ್ಣ ಸಾಲದು. ಈ ಪಾಠದ ಹಿರಿಮೆ ಇರುವುದು ಆ ಕತ್ತಿಯಲ್ಲಿ. ಕೆಲಸ ಸರಿಯಾಯಿತೋ ಇಲ್ಲವೋ ಎಂಬುದು ಮಾಡುವವರಿಗೇ ಗೊತ್ತಾಗುತ್ತದೆ.

ಕಾಫಿ ಕೊಯ್ಲಿನ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಇಡುವ ಬಗ್ಗೆ ನಾವು ಸದಸ್ಯರಿಗಾಗಿ ಬರೆದ ಮೊದಲ ಪಾಠದಲ್ಲಿ ಈ ಕತ್ತಿಯೇ ಇರಲಿಲ್ಲ. 'ದಿನದಿನದ ಹಣ್ಣಿನ ತೂಕ ತುಂಬಿ, ವಾರದ ಮೊತ್ತ ಪಡೆಯಿರಿ' ಎಂದು ಒಂದೇ ಉಸಿರಿಗೆ ಬರೆದಿದ್ದೆವು. ಸದಸ್ಯರೊಬ್ಬರು ಕೆಲವು ದಿನ 62 ಎಂದೂ, ಕೆಲವು ದಿನ '62 ಕೆ.ಜಿ.' ಎಂದೂ ತುಂಬಿದರು. ಕೆ.ಜಿ. ಸೇರಿದ ಕೂಡಲೇ ಅದು ಎಕ್ಸೆಲ್‌ಗೆ ಸಂಖ್ಯೆಯಲ್ಲ, ಬರಿಯ ಅಕ್ಷರ. ಮೊತ್ತ ಹಾಕುವಾಗ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ತಪ್ಪೆಂದು ಹೇಳುವುದೂ ಇಲ್ಲ. ಶನಿವಾರದ ಬಟವಾಡೆಯಲ್ಲಿ ಇಬ್ಬರು ಹೆಂಗಸರಿಗೆ ಕೂಲಿ ಕಡಿಮೆ ಬಂತು. ಅವರು ತಮ್ಮ ತೂಕವನ್ನು ನೆನಪಿಟ್ಟುಕೊಂಡಿದ್ದರಿಂದ ಬಾಕಿ ಸಂದಾಯವಾಯಿತು. ತಪ್ಪು ಸದಸ್ಯರದ್ದಲ್ಲ, ನಮ್ಮ ಬರವಣಿಗೆಯದು.

ಈಗ ಹೀಗೆ ತಿದ್ದಿದ್ದೇವೆ: 'ತೂಕದ ಮನೆಯ ಮೇಲೆ ಒತ್ತಿ. ಅಂಕಿ ಮಾತ್ರ ತುಂಬಿ. ಎಂಟರ್ ಒತ್ತಿ. ಅಂಕಿಯು ಮನೆಯ ಬಲ ಅಂಚಿಗೆ ನಿಂತಿದೆಯೇ ನೋಡಿ. ಎಡಕ್ಕೆ ನಿಂತಿದ್ದರೆ ಅಳಿಸಿ ಮತ್ತೆ ತುಂಬಿ.' ಹಾಳೆಯ ಜೋಡಣೆಯನ್ನು ಯಾರೂ ಬದಲಿಸದಿದ್ದರೆ ಸಂಖ್ಯೆ ತಾನಾಗಿ ಬಲಕ್ಕೂ ಅಕ್ಷರ ಎಡಕ್ಕೂ ನಿಲ್ಲುತ್ತದೆ. ಇದೇ ಇಲ್ಲಿನ ಕತ್ತಿ. ಕೆ.ಜಿ. ಎಂಬುದನ್ನು ಕಾಲಮಿನ ತಲೆಯಲ್ಲಿ ಒಮ್ಮೆ ಬರೆದರೆ ಸಾಕು.

ಇನ್ನು ಪದಗಳ ವಿಚಾರ. ಒಂದು ಕಡೆ 'ಸೇವ್ ಮಾಡಿ', ಇನ್ನೊಂದು ಕಡೆ 'ಉಳಿಸಿ', ಮತ್ತೊಂದು ಕಡೆ 'ಭದ್ರಪಡಿಸಿ' ಎಂದು ಬರೆದರೆ ಓದುಗರು ಮೂರು ಗುಂಡಿ ಹುಡುಕುತ್ತಾರೆ. ಪರದೆಯ ಮೇಲೆ ಸೇವ್ ಎಂದಿದ್ದರೆ ಪಾಠದುದ್ದಕ್ಕೂ ಸೇವ್ ಎಂದೇ ಇರಲಿ. ಒಂದೇ ಪದ ಮತ್ತೆ ಮತ್ತೆ ಬಾರದಿರಲಿ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದು ಪ್ರಬಂಧಕ್ಕೆ ಸರಿ, ಇಲ್ಲಿಗಲ್ಲ. ಟೈಪು ಮಾಡುವುದನ್ನು ಯೂನಿಕೋಡ್‌ನಲ್ಲೇ ಮಾಡಬೇಕು; ಹಳೆಯ ನುಡಿ ಅಕ್ಷರದ ಪಾಠ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಬರೆದಾದ ಮೇಲೆ ಎಕ್ಸೆಲ್ ಅರಿಯದ ಒಬ್ಬರನ್ನು ಕೂರಿಸಿ, ಬಾಯಿ ಬಿಡದೆ ಪಕ್ಕದಲ್ಲಿ ನೋಡುತ್ತಿರಬೇಕು. ಅವರ ಕೈ ನಿಂತಲ್ಲಿ ಯಾವುದೋ ಹೆಜ್ಜೆ ಬಿಟ್ಟುಹೋಗಿದೆ ಎಂದರ್ಥ. (ಬಾಯಿ ಬಿಡದೆ ಕೂರುವುದು ನಮ್ಮಲ್ಲಿ ಕೆಲವರಿಗೆ ಬಲು ಕಷ್ಟವಾಯಿತು.)

ತಿದ್ದಿದ ಪಾಠದ ಪ್ರತಿ ಸಂಘದ ಕಚೇರಿಯಲ್ಲಿ ದೊರೆಯುತ್ತದೆ. ಹಳೆಯ ಪ್ರತಿ ಇಟ್ಟುಕೊಂಡಿರುವ ಸದಸ್ಯರು ದಯವಿಟ್ಟು ಅದನ್ನು ಒಲೆಗೆ ಹಾಕಬೇಕಾಗಿ ಕೋರುತ್ತೇವೆ.