ಕಾಳ್ಯಾ ಮರಳಿ ಬಂದಾನೇ?

(ಪ್ರೀತಿಯಿಂದ ಸಾಕಿದ ಪ್ರಾಣಿ ಸತ್ತಾಗ ದುಃಖವಾಗುವುದು ಸಹಜ. ಅಂಥ ಪ್ರಾಣಿಯ ಪ್ರತಿರೂಪವನ್ನು ಹುಟ್ಟಿಸುವ ವಿದ್ಯೆ ಇಂದು ಮನುಷ್ಯನಿಗೆ ತಿಳಿದಿದೆ. ಆದರೆ ಹಾಗೆ ಹುಟ್ಟಿದ್ದು ನಾವು ಕಳೆದುಕೊಂಡ ಪ್ರಾಣಿಯೇ? ಮಾಡಬಲ್ಲೆವು ಎಂಬ ಮಾತ್ರಕ್ಕೆ ಹಾಗೆ ಮಾಡುವುದು ಸರಿಯೇ? ಪಾಠವನ್ನು ಓದಿ ನೀವೇ ಆಲೋಚಿಸಿರಿ.)

ವಿದ್ಯಾರ್ಥಿಮಿತ್ರರೇ, ನಿಮ್ಮ ಮನೆಯಲ್ಲಿ ನಾಯಿ ಇದೆಯೇ? ಬೆಕ್ಕು, ಆಡು, ಎಮ್ಮೆ ಇವೆಯೇ? ಇದ್ದರೆ ನಾನು ಹೇಳುವ ಮಾತು ನಿಮಗೆ ಬೇಗ ಅರ್ಥವಾದೀತು.

ಕೆಲವು ವರ್ಷಗಳ ಹಿಂದೆ ನಾನು ಜತ್ತ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಎಂಟನೆಯ ತರಗತಿಯಲ್ಲಿ ಕುರಿ ಸಾಕುವ ಮನೆತನದ ಹುಡುಗನೊಬ್ಬನಿದ್ದನು. ಅವನಲ್ಲಿ ಒಂದು ಕಪ್ಪು ನಾಯಿ ಇತ್ತು. ಹೆಸರು ಕಾಳ್ಯಾ. ಬೆಳಿಗ್ಗೆ ಕುರಿಗಳ ಹಿಂದೆ ಅಡವಿಗೆ ಹೋಗುವ ಕಾಳ್ಯಾ, ಸಂಜೆ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಹಳ್ಳದ ದಂಡೆಯ ಬೇವಿನ ಮರದ ಕೆಳಗೆ ಬಂದು ಕೂಡುತ್ತಿತ್ತು. ಹುಡುಗ ಬಂದ ಮೇಲೆಯೇ ಅದು ಅಲ್ಲಿಂದ ಏಳುತ್ತಿತ್ತು. ಒಂದು ಮಳೆಗಾಲದಲ್ಲಿ ಕಾಳ್ಯಾ ಹಾವು ಕಚ್ಚಿ ಸತ್ತುಹೋಯಿತು. ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಂದವನೇ ನನ್ನ ಮೇಜಿನ ಬಳಿ ನಿಂತು, “ಸರ್, ಸತ್ತ ನಾಯೀನ ವಿಜ್ಞಾನಿಗಳು ಮತ್ತ ಹುಟ್ಟಸ್ತಾರಂತ, ಖರೇ ಏನ್ರಿ?” ಎಂದು ಕೇಳಿದನು.

ನಾನು ಆ ಹೊತ್ತಿಗೆ ಉತ್ತರ ಕೊಡಲಿಲ್ಲ. ಓದಿ ತಿಳಿದುಕೊಂಡು ಮರುವಾರ ಇಡೀ ತರಗತಿಗೆ ಹೇಳಿದೆ. ಅದನ್ನೇ ಈಗ ನಿಮಗೂ ಹೇಳುತ್ತೇನೆ.

ಒಂದು ಪ್ರಾಣಿಯ ವಂಶವಾಹಿಗಳನ್ನೇ ಹೊಂದಿದ ಇನ್ನೊಂದು ಪ್ರಾಣಿಯನ್ನು ಹುಟ್ಟಿಸುವುದಕ್ಕೆ ಕ್ಲೋನಿಂಗ್ ಎನ್ನುತ್ತಾರೆ. ಹೀಗೆ ಹುಟ್ಟಿದ ಪ್ರಾಣಿಗೆ ಕನ್ನಡದಲ್ಲಿ ತದ್ರೂಪಿ ಎಂಬ ಹೆಸರಿದೆ. ಸಾಕಿದ ಪ್ರಾಣಿ ಬದುಕಿರುವಾಗ ಅಥವಾ ಸತ್ತ ಕೆಲವೇ ದಿನಗಳೊಳಗೆ ಅದರ ಚರ್ಮದ ಚಿಕ್ಕ ತುಣುಕನ್ನು ತೆಗೆದು, ಅದರಲ್ಲಿನ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಕಾಪಾಡುತ್ತಾರೆ. ಅದೇ ಜಾತಿಯ ಬೇರೊಂದು ಹೆಣ್ಣು ಪ್ರಾಣಿಯಿಂದ ಅಂಡಾಣುವನ್ನು ಪಡೆದು, ಅದರ ಕೋಶಕೇಂದ್ರವನ್ನು ಹೊರತೆಗೆಯುತ್ತಾರೆ. ಬರಿದಾದ ಅಂಡಾಣುವಿಗೆ ಕಾಪಾಡಿದ ಜೀವಕೋಶವನ್ನು ಸೇರಿಸಿ, ಸಣ್ಣ ವಿದ್ಯುತ್ ಆಘಾತ ಕೊಟ್ಟು ಬೆಸೆಯುತ್ತಾರೆ. ಅದು ಭ್ರೂಣವಾಗಿ ಬೆಳೆಯತೊಡಗಿದಾಗ ಮತ್ತೊಂದು ಹೆಣ್ಣು ಪ್ರಾಣಿಯ ಗರ್ಭದಲ್ಲಿ ಇಡುತ್ತಾರೆ. ಆ ಪ್ರಾಣಿಯೇ ಬಾಡಿಗೆ ತಾಯಿ.

ಈ ವಿಧಾನದಿಂದ ಹುಟ್ಟಿದ ಡಾಲಿ ಎಂಬ ಕುರಿಮರಿ ಜಗತ್ಪ್ರಸಿದ್ಧವಾಯಿತು. ಅದು 1996ರ ಜುಲೈ 5ರಂದು ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ ಜನಿಸಿತು. ಬೆಳೆದ ಕುರಿಯೊಂದರ ಜೀವಕೋಶದಿಂದ ಹುಟ್ಟಿದ ಮೊದಲ ಸಸ್ತನಿ ಅದು. ಸಾಕುಪ್ರಾಣಿಗಳ ಸರದಿ ಬೇಗನೆ ಬಂದಿತು. 2001ರ ಡಿಸೆಂಬರ್ 22ರಂದು ಅಮೆರಿಕದ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಮೊದಲ ತದ್ರೂಪಿ ಬೆಕ್ಕು ಹುಟ್ಟಿತು. 2005ರ ಏಪ್ರಿಲ್ 24ರಂದು ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಮೊದಲ ತದ್ರೂಪಿ ನಾಯಿ ಸ್ನಪ್ಪಿ ಹುಟ್ಟಿತು. ಇಂದು ಹಣ ಪಡೆದು ಈ ಕೆಲಸ ಮಾಡಿಕೊಡುವ ಕಂಪನಿಗಳೇ ಇವೆ.

ಹಾಗಾದರೆ ಸತ್ತ ಪ್ರಾಣಿ ಮರಳಿ ಬಂದಂತೆಯೇ? ಅಮೆರಿಕದ ಆ ಬೆಕ್ಕಿನ ಕಥೆ ಕೇಳಿರಿ. ಅದರ ಹೆಸರು ಸಿಸಿ. ಅದಕ್ಕೆ ಜೀವಕೋಶ ಕೊಟ್ಟ ಬೆಕ್ಕು ರೇನ್‌ಬೋ. ರೇನ್‌ಬೋ ಬಿಳಿ, ಕಪ್ಪು, ಕಿತ್ತಳೆ ಬಣ್ಣಗಳ ಮಚ್ಚೆಯ ಬೆಕ್ಕು. ಹುಟ್ಟಿದ ಸಿಸಿಯ ಮೈಮೇಲೆ ಕಿತ್ತಳೆ ಬಣ್ಣವೇ ಇರಲಿಲ್ಲ! ವಂಶವಾಹಿಗಳು ಅವೇ, ಬಣ್ಣ ಬೇರೆ. ಹೇಗೆ? ಇಂಥ ಬೆಕ್ಕುಗಳಲ್ಲಿ ಕೆಲವು ಜೀವಕೋಶಗಳಲ್ಲಿ ಕಪ್ಪಿನ ವಂಶವಾಹಿ ಕೆಲಸ ಮಾಡಿದರೆ ಇನ್ನು ಕೆಲವುಗಳಲ್ಲಿ ಕಿತ್ತಳೆಯದು ಕೆಲಸ ಮಾಡುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಸಿಸಿಯಲ್ಲಿ ಕಿತ್ತಳೆಯದು ಎಲ್ಲ ಕಡೆಯೂ ಸುಮ್ಮನಿದ್ದುಬಿಟ್ಟಿತು. ಮೈಬಣ್ಣವೇ ಹೀಗೆ ಬದಲಾಗುವುದಾದರೆ, ಬೆಳೆಯುತ್ತ ಬೆಳೆಯುತ್ತ ಕಲಿಯುವ ಗುಣ, ರೂಢಿ, ಒಡನಾಟಗಳ ಮಾತೇನು?

ಅಮೆರಿಕದ ಖ್ಯಾತ ಗಾಯಕಿ ಬಾರ್ಬ್ರಾ ಸ್ಟ್ರೈಸೆಂಡ್ ಅವರು ತಮ್ಮ ನಾಯಿ ಸಮಂತಾಳ ಜೀವಕೋಶದಿಂದ ಎರಡು ಮರಿಗಳನ್ನು ಪಡೆದ ಸಂಗತಿ 2018ರಲ್ಲಿ ತಿಳಿದುಬಂದಿತು. ಆ ಎರಡೂ ಮರಿಗಳ ಸ್ವಭಾವ ಬೇರೆ ಬೇರೆ ಎಂದು ಅವರೇ ಹೇಳಿದ್ದಾರೆ. ಅವಳಿ ಮಕ್ಕಳನ್ನು ನೀವು ನೋಡಿರಬಹುದು. ಮುಖ ಒಂದೇ ಆದರೂ ಒಬ್ಬ ಮಾತುಗಾರ, ಇನ್ನೊಬ್ಬ ಮೌನಿ. ತದ್ರೂಪಿಯೆಂದರೆ ತಡವಾಗಿ ಹುಟ್ಟಿದ ಅವಳಿಯೇ ಹೊರತು ಬೇರೇನೂ ಅಲ್ಲ.

ತರಗತಿಯಲ್ಲಿ ನಾನು ಇಷ್ಟು ಹೇಳುವಷ್ಟರಲ್ಲಿ ಆ ಹುಡುಗ ಎದ್ದು ನಿಂತು, “ಹಂಗಾದ್ರ ಅದು ಕಾಳ್ಯಾ ಅಲ್ರಿ ಸರ್, ಕಾಳ್ಯಾನ ತಮ್ಮ” ಎಂದನು. ನಾನು ಇಷ್ಟು ಹೊತ್ತು ಹೇಳಿದ್ದನ್ನು ಅವನು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದನು. ಬೇವಿನ ಮರದ ಕೆಳಗೆ ಕಾಯಬೇಕೆಂದು ಆ ತಮ್ಮನಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದು ಅದರ ತಪ್ಪೂ ಅಲ್ಲ.

ಕುಳಿತವನು ಮತ್ತೆ ಎದ್ದನು. “ಸರ್, ಆ ಮರೀನ ಹಡೆಯೋ ನಾಯಿ ಯಾವದ್ರಿ? ಅದಕ್ಕ ಯಾರರೆ ಕೇಳ್ಯಾರೇನ್ರಿ?”

ಕುರಿ ಈಯುವಾಗ ಪಡುವ ನೋವನ್ನು ಕಣ್ಣಾರೆ ಕಂಡ ಹುಡುಗ ಅವನು. ಅದಕ್ಕಾಗಿಯೇ ಈ ಪ್ರಶ್ನೆ ಅವನಿಗೆ ಹೊಳೆಯಿತು. ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆ. ಡಾಲಿಯನ್ನು ಪಡೆಯಲು 277 ಅಂಡಾಣುಗಳನ್ನು ಬೆಸೆಯಬೇಕಾಯಿತು; ಹುಟ್ಟಿದ್ದು ಒಂದೇ ಮರಿ. ಸಿಸಿಗಾಗಿ 87 ಭ್ರೂಣಗಳನ್ನು ಬೆಕ್ಕುಗಳ ಗರ್ಭದಲ್ಲಿ ಇಟ್ಟರು. ಉಳಿದದ್ದು ಸಿಸಿ ಒಂದೇ. ಸ್ನಪ್ಪಿಗಾಗಿ 1,095 ಭ್ರೂಣಗಳನ್ನು 123 ಹೆಣ್ಣು ನಾಯಿಗಳಲ್ಲಿ ಇಟ್ಟರು. ಮೂರು ನಾಯಿಗಳು ಮಾತ್ರ ಗಬ್ಬವಾದವು. ಅವುಗಳಲ್ಲಿ ಒಂದರ ಗರ್ಭ ಇಳಿಯಿತು. ಹುಟ್ಟಿದ ಎರಡು ಮರಿಗಳಲ್ಲಿ ಒಂದು 22 ದಿನಗಳಲ್ಲಿ ನ್ಯುಮೋನಿಯಾದಿಂದ ಸತ್ತಿತು.

ಇವು ಮೊದಮೊದಲ ಪ್ರಯೋಗಗಳ ಲೆಕ್ಕಗಳು. ಈಚೆಗೆ ವಿಧಾನ ಸುಧಾರಿಸಿದೆ ಎಂಬುದನ್ನೂ ಹೇಳಬೇಕು. ತದ್ರೂಪಿಗಳೆಲ್ಲ ರೋಗಿಷ್ಠವೆಂದೂ ತಿಳಿಯಬಾರದು. ಶ್ವಾಸಕೋಶದ ರೋಗದಿಂದಾಗಿ ಡಾಲಿಗೆ ಆರೂವರೆ ವರ್ಷಕ್ಕೆ ದಯಾಮರಣ ಕೊಡಬೇಕಾಗಿ ಬಂದರೂ ಸಿಸಿ 18 ವರ್ಷ ಬಾಳಿ 2020ರಲ್ಲಿ ಸತ್ತಿತು. ಆದರೂ ಅಂಡಾಣು ಕೊಡುವ ನಾಯಿ, ಗರ್ಭ ಹೊರುವ ನಾಯಿ ಇಂದಿಗೂ ಬೇಕೇ ಬೇಕು. ಅವುಗಳಿಗೆ ಶಸ್ತ್ರಚಿಕಿತ್ಸೆ ತಪ್ಪಿದ್ದಲ್ಲ. ನಮ್ಮ ಒಂದು ನಾಯಿಯ ಮೇಲಿನ ಪ್ರೀತಿಗೆ ಹೆಸರಿಲ್ಲದ ಬೇರೆ ನಾಯಿಗಳು ಬೆಲೆ ತೆರುತ್ತವೆ. ಅವು ಬೇಡವೆನ್ನಲಾರವು.

ಹಣದ ಮಾತೂ ಇದೆ. ಅಮೆರಿಕದಲ್ಲಿ ಒಂದು ನಾಯಿಯ ತದ್ರೂಪಿಗೆ ಸುಮಾರು 50,000 ಡಾಲರ್ ತಗಲುತ್ತದೆ. ನಮ್ಮ ಲೆಕ್ಕದಲ್ಲಿ ಅದು ನಲವತ್ತು ಲಕ್ಷ ರೂಪಾಯಿಗೂ ಹೆಚ್ಚು. ಅದೇ ಹೊತ್ತಿಗೆ ಎಷ್ಟೋ ಊರುಗಳ ಬೀದಿಗಳಲ್ಲಿ ದಿಕ್ಕಿಲ್ಲದ ಮರಿಗಳು ಅಲೆಯುತ್ತಿರುತ್ತವೆ.

ಇನ್ನೊಂದು ಪಕ್ಷದ ಮಾತನ್ನೂ ಕೇಳೋಣ. “ಹಣ ನನ್ನದು, ದುಃಖ ನನ್ನದು, ಬೇಡವೆನ್ನಲು ನೀವು ಯಾರು?” ಎಂದು ಕೆಲವರು ಕೇಳುತ್ತಾರೆ. ಮಾಂಸಕ್ಕಾಗಿ, ಹಾಲಿಗಾಗಿ ಪ್ರಾಣಿಗಳನ್ನು ಬಳಸುವ ನಾವು ಇದೊಂದನ್ನೇ ಏಕೆ ಹಳಿಯಬೇಕು ಎಂಬ ಪ್ರಶ್ನೆಯೂ ತಳ್ಳಿಹಾಕುವಂಥದಲ್ಲ. ಈ ವಿದ್ಯೆಯಿಂದ ಲೋಕಕ್ಕೆ ಉಪಯೋಗವೂ ಇದೆ. ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ 2009ರಲ್ಲಿ ಗರಿಮಾ ಎಂಬ ತದ್ರೂಪಿ ಎಮ್ಮೆಗರು ಹುಟ್ಟಿತು. ಒಳ್ಳೆಯ ತಳಿಗಳನ್ನು ಹೆಚ್ಚಿಸುವುದು ಅಲ್ಲಿನ ಉದ್ದೇಶ. ಅಮೆರಿಕದಲ್ಲಿ ಕಪ್ಪು ಕಾಲಿನ ಫೆರೆಟ್ ಎಂಬ, ನಮ್ಮ ಮುಂಗುಸಿಯಂತೆ ಕಾಣುವ ಕಾಡುಪ್ರಾಣಿ ಅಳಿವಿನ ಅಂಚಿಗೆ ಬಂದಿತ್ತು. 1988ರಲ್ಲಿ ಶೈತ್ಯೀಕರಿಸಿಟ್ಟಿದ್ದ ಜೀವಕೋಶದಿಂದ 2020ರ ಡಿಸೆಂಬರಿನಲ್ಲಿ ಅದರ ತದ್ರೂಪಿಯನ್ನು ಹುಟ್ಟಿಸಿದರು. ಅಲ್ಲಿ ಯಾರೂ ಸತ್ತುಹೋದ ಒಂದು ಪ್ರಾಣಿಯನ್ನು ಮರಳಿ ತರಲು ಹೊರಟಿರಲಿಲ್ಲ. ಒಂದು ಸಂತತಿಯನ್ನು ಉಳಿಸಲು ಹೊರಟಿದ್ದರು.

ಆದ್ದರಿಂದ ವಿದ್ಯೆಯೇ ಕೆಟ್ಟದ್ದು ಎನ್ನಲಾಗದು. ಯಾವುದಕ್ಕಾಗಿ, ಯಾರ ನೋವಿನಿಂದ ಎಂದು ಕೇಳಬೇಕು. ಸಾಕುಪ್ರಾಣಿಯ ವಿಷಯದಲ್ಲಿ ನನಗೆ ತೋರುವುದಿಷ್ಟು: ಬೇಕೆಂದು ಬಯಸಿದ್ದು ಈ ವಿಧಾನದಿಂದ ಸಿಗುವುದಿಲ್ಲ, ಸಿಗದ ವಸ್ತುವಿಗಾಗಿ ಬೇರೆ ಜೀವಗಳನ್ನು ನೋಯಿಸುವುದು ನ್ಯಾಯವಲ್ಲ. ಹುಟ್ಟಿಬಂದ ಮರಿಗೂ ಅನ್ಯಾಯವೇ. ಅದು ತಾನಾಗಿ ಬಾಳಲು ಹುಟ್ಟಿರುತ್ತದೆ. ನಾವಾದರೋ ಅದರಲ್ಲಿ ಸತ್ತ ಇನ್ನೊಂದನ್ನು ಹುಡುಕುತ್ತಿರುತ್ತೇವೆ.

ಆ ಹುಡುಗನಿಗೆ ನಾನು ಅಳಬೇಡವೆನ್ನಲಿಲ್ಲ. ಕಾಳ್ಯಾನ ಬಗ್ಗೆ ಬರೆದುಕೊಂಡು ಬಾ ಎಂದೆ. ನಿಬಂಧವೆಂದರೆ ಅರ್ಧ ಪುಟ ದಾಟದ ಅವನು ನಾಲ್ಕು ಪುಟ ಬರೆದು ತಂದನು. ಕಾಳ್ಯಾ ತೋಳವನ್ನು ಅಟ್ಟಿದ ರಾತ್ರಿ, ಗುಡುಗಿಗೆ ಹೆದರಿ ಅವನ ಕಂಬಳಿಯೊಳಗೆ ನುಸುಳಿದ ರಾತ್ರಿ, ಬೇವಿನ ಮರ — ಎಲ್ಲವೂ ಅದರಲ್ಲಿದ್ದವು. ಅವನು ಓದಿ ಮುಗಿಸುವವರೆಗೆ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಆ ನಾಲ್ಕು ಪುಟಗಳಲ್ಲಿ ಇದ್ದುದು ಯಾವ ಜೀವಕೋಶದಲ್ಲಿಯೂ ಇರಲಾರದು.

ಶಬ್ದಾರ್ಥ

ತದ್ರೂಪಿ – ಅದೇ ರೂಪವುಳ್ಳದ್ದು. ವಂಶವಾಹಿ – ತಂದೆತಾಯಿಗಳಿಂದ ಗುಣಗಳನ್ನು ಮುಂದಿನ ಪೀಳಿಗೆಗೆ ಸಾಗಿಸುವ ಅಂಶ. ಭ್ರೂಣ – ಗರ್ಭದಲ್ಲಿ ಬೆಳೆಯುವ ಜೀವ. ಈಯು – ಮರಿ ಹಾಕು. ಹಳಿ – ನಿಂದಿಸು. ಸಂತತಿ – ಪೀಳಿಗೆ, ವಂಶ.

ಸ್ವಾಧ್ಯಾಯ

1. ಸಿಸಿ ಮತ್ತು ರೇನ್‌ಬೋ ಬೆಕ್ಕುಗಳ ಬಣ್ಣ ಬೇರೆಯಾಗಲು ಕಾರಣವೇನು?
2. “ಕಾಳ್ಯಾನ ತಮ್ಮ” ಎಂಬ ಹುಡುಗನ ಮಾತಿನ ಅರ್ಥವನ್ನು ವಿವರಿಸಿರಿ.
3. ಫೆರೆಟ್ಟಿನ ತದ್ರೂಪಿಗೂ ಸಾಕುನಾಯಿಯ ತದ್ರೂಪಿಗೂ ಉದ್ದೇಶದಲ್ಲಿ ಇರುವ ವ್ಯತ್ಯಾಸವೇನು?
4. ಲೇಖಕರ ಅಭಿಪ್ರಾಯ ನಿಮಗೆ ಒಪ್ಪಿಗೆಯೇ? ಒಪ್ಪದಿದ್ದರೆ ಕಾರಣ ಕೊಟ್ಟು ಬರೆಯಿರಿ.
5. ನೀವು ಸಾಕಿದ ಅಥವಾ ಕಂಡ ಒಂದು ಪ್ರಾಣಿಯ ಬಗ್ಗೆ, ಅದಕ್ಕೆ ಮಾತ್ರ ಇದ್ದ ರೂಢಿಗಳನ್ನು ನೆನೆದು ಒಂದು ಪುಟ ಬರೆಯಿರಿ.