ಮೊದಲು ನಿದ್ದೆ ಸರಿಯಾಗಲಿ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವೆ. ನಿದ್ದೆಗೆಟ್ಟವನಿಗೆ ಚಿಂತೆ ಹೆಚ್ಚುತ್ತದೆ ಎಂಬುದೂ ಅಷ್ಟೇ ನಿಜ. ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳಲ್ಲಿ, ನಿದ್ರಾಹೀನತೆಯಿಂದ ಬಳಲುತ್ತಿದ್ದ 3,755 ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮಾತ್ರೆಯಿಲ್ಲದೆ, ರೂಢಿ ಬದಲಿಸುವ ಆನ್‌ಲೈನ್ ಚಿಕಿತ್ಸೆ ಪಡೆದವರಲ್ಲಿ ನಿದ್ದೆ ಸುಧಾರಿಸಿತು. ಜೊತೆಗೆ ಅತಿಯಾದ ಸಂಶಯ, ಆತಂಕ, ಖಿನ್ನತೆಯೂ ತಗ್ಗಿದವು.

ನಮ್ಮ ವಿಜಯಪುರ ಜಿಲ್ಲೆಯನ್ನೇ ನೋಡಿ: ಇಂಡಿಯ ಲಿಂಬೆ ತೋಟವಿರಲಿ, ಸಿಂದಗಿಯ ಕಬ್ಬಿನ ಹೊಲವಿರಲಿ, ತ್ರೀಫೇಸ್ ಕರೆಂಟು ರಾತ್ರಿ ಕೊಟ್ಟರೆ ರೈತ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೋಗಲೇಬೇಕು. ಅಂಥವರು ಮರುದಿನ ಮಧ್ಯಾಹ್ನ ಒಂದಿಷ್ಟು ಮಲಗಲಿ. ಮನೆಯವರು ಅದನ್ನು ಸೋಮಾರಿತನ ಎನ್ನದಿರಲಿ. ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರೇ, ಸಂಜೆಯ ಮೇಲೆ ಚಹಾ ಬಿಡಿ. ರಾತ್ರಿ ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡಬೇಡಿ. ಎದ್ದು ಕೂತು, ಕಣ್ಣು ಎಳೆದಾಗ ಮತ್ತೆ ಮಲಗಿ. ಮೊಬೈಲು ಮಾತ್ರ ಹಾಸಿಗೆಯಿಂದ ದೂರವಿರಲಿ.

ವಾರಕ್ಕೆ ಮೂರು ರಾತ್ರಿಯಂತೆ ತಿಂಗಳುಗಟ್ಟಲೆ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಿ; ಬದುಕೇ ಬೇಡ ಅನ್ನಿಸಿದರಂತೂ ತಡಮಾಡಬೇಡಿ. ಔಷಧಿ ಅಂಗಡಿಯಲ್ಲಿ ನೀವಾಗಿಯೇ ನಿದ್ದೆ ಗುಳಿಗೆ ಕೇಳಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ವಿಚಾರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಂಕೋಚ ಬಿಟ್ಟು ಮಾತಾಡಿ.